ಉತ್ತರ ದಿಕ್ಕಿಗೆ ಇಟ್ಟ ಗಂಟು

"ಕಾಲು ತೆಗಿ ಅಪ್ಪ."

"ತೆಗೆಯಲ್ಲ. ದಾಟ್ಕೊಂಡು ಹೋಗು. ಹೆತ್ತವನ ಕಾಲು ದಾಟಿ ಹೋದೋನು ಅನ್ನೋ ಹೆಸರಾದ್ರೂ ಇರಲಿ ನಿಂಗೆ. ಆ ರಷ್ಯಾದಲ್ಲಿ ಬೇರೆ ಹೆಸರೇನೂ ಕೊಡಲ್ಲ."

ಜಸ್ಮಾನ್ ಘರ್ತಿ ಹೊಸ್ತಿಲ ಮೇಲೆ ಅಡ್ಡಲಾಗಿ ಕೂತಿದ್ದ. ಬೆನ್ನು ಬಾಗಿಲಿನ ಒಂದು ಕಂಬಕ್ಕೆ, ಅಂಗಾಲು ಇನ್ನೊಂದಕ್ಕೆ. ಮನೆಗೆ ಇದ್ದದ್ದೇ ಅದೊಂದು ಬಾಗಿಲು. ಹೆಂಡತಿ ಮನ್‌ಸರಾ ತುಂಬಿದ ತಾಮ್ರದ ಕೊಡಗಳನ್ನು ಬಾಗಿಲ ಎರಡೂ ಬದಿಗೆ ಇಟ್ಟು, ಕೊಡದ ಬಾಯಿಗೆ ಹೂ ಸಿಕ್ಕಿಸಿ ಒಳಗೆ ಬಂದಿದ್ದೇ ತಡ, ಇವನು ಬಂದು ಕೂತುಬಿಟ್ಟಿದ್ದ. ಮಗ ನಿಶಾನ್ ಹೊಸ ಜಾಕೀಟು ಹಾಕಿ, ಕೊರಳಲ್ಲಿ ಚೆಂಡುಹೂವಿನ ಹಾರ, ಬೆನ್ನಿಗೆ ಚೀಲ, ಎದುರಿಗೆ ನಿಂತಿದ್ದ. ಸಿಟ್ಟಿನಲ್ಲಿ ಮೂಗಿನ ಹೊಳ್ಳೆ ಅರಳುತ್ತಿದ್ದವು. ಅಪ್ಪನದೇ ಮೂಗು.

ಆ ಊರಿನಲ್ಲಿ ಮಲಗಿದ ಮಗುವಿನ ಕಾಲನ್ನೂ ಯಾರೂ ದಾಟುವುದಿಲ್ಲ. ಅಪ್ಪನ ಕಾಲಿನ ಮಾತೇ ಬೇಡ.

"ಹದಿನೇಳು ವರ್ಷ ಪರದೇಶದ ಉಪ್ಪು ತಿಂದ ನಿನ್ನ ಬಾಯಿ ಹೇಳೋ ಮಾತಾ ಇದು," ಎಂದ ನಿಶಾನ್. "ಗಡಿಯಾಚೆ ಹಿಂದೂಸ್ತಾನದ ಪಲ್ಟನ್ನು ನಿಮ್ಮಪ್ಪಂದಾಗಿತ್ತಾ? ಅಲ್ಲಿ ಹೋಗಿ ಗುಂಡು ಹಾರಿಸಿ ಬಂದ ಸಿಪಾಯಿಗೆ ಲಾಹುರೆ ಅನ್ನೋ ಬಿರುದು, ಮೀಸೆ ತಿರುವೋದು. ನಾನು ಹೋದ್ರೆ ಮಾತ್ರ ಹೆಣ."

"ನನ್ನ ಪಲ್ಟನ್ನಲ್ಲಿ ಹೆಣಕ್ಕೂ ಹೆಸರಿತ್ತೋ ಮಗನೇ! ಸಾಲಾಗಿ ನಿಲ್ಲಿಸಿ, ಎದೆ ಅಳೆದು, ಹೆಸರು ಹಿಡಿದು ಕರ್ಕೊಂಡು ಹೋದ್ರು. ಸತ್ತರೆ ಪೆಟ್ಟಿಗೆ ಬರ್ತಿತ್ತು. ಪೆಟ್ಟಿಗೆ ಜೊತೆ ಒಬ್ಬ ಸುಬೇದಾರ ಬರ್ತಿದ್ದ, ಅವ್ವನ ಮುಂದೆ ಟೋಪಿ ತೆಗೀತಿದ್ದ. ನಾನೇ ತಂದಿದೀನಿ ಅಂಥ ಪೆಟ್ಟಿಗೇನ, ಈ ಗುಡ್ಡ ಹತ್ತಿಸಿ. ನೀನು? ಓದೋಕೆ ಹೋಗ್ತೀನಿ ಅಂತ ಸುಳ್ಳು ಹೇಳಿ, ಅವರ ಯುದ್ಧಕ್ಕೆ ಕಳ್ಳನ ಹಾಗೆ ವಿಮಾನ ಹತ್ತೋನು!"

"ಮತ್ತೇನು ಮಾಡ್ಲಿ? ಹಿಂದೂಸ್ತಾನದೋರು ಈಗ ಕರೆಯೋದೇ ಇಲ್ಲ. ಇಂಗ್ಲಿಷರ ಪಲ್ಟನ್ ಭರ್ತಿಗೆ ಎರಡು ಸಲ ಓಡಿದೆ. ಮರಳು ತುಂಬಿದ ಬುಟ್ಟಿ ಹಣೆಪಟ್ಟಿಗೆ ಕಟ್ಟಿ ಹೊತ್ಕೊಂಡು ಗುಡ್ಡ ಹತ್ತಿದೆ, ಹಣೆ ಸಿಪ್ಪೆ ಎದ್ದುಹೋಯ್ತು. ಒಂದು ಹಲ್ಲು ಹುಳುಕು ಅಂತ ತಳ್ಳಿದ್ರು." ನಿಶಾನ್‌ನ ಧ್ವನಿ ಸಣ್ಣದಾಯಿತು. "ಬೆಳಿಗ್ಗೆ ಎಬ್ಬಿಸಿ ಓಡಿಸೋದು ಬಿಟ್ಟು ನೀನು ನಂಗೆ ಬೇರೇನು ಕಲಿಸಿದೆ ಅಪ್ಪ? ನೇಗಿಲು ಹಿಡಿಸಿದ್ಯಾ?"

ಪೇಚಿಗೆ ಸಿಕ್ಕಿದಾಗಲೆಲ್ಲ ಜಸ್ಮಾನ್‌ನ ನಾಲಿಗೆ ಹರಿತವಾಗುತ್ತಿತ್ತು.

"ನಿನ್ನ ಸೋದರಮಾವನ ಮಗ ಯುವರಾಜನೂ ಬೆಳಿಗ್ಗೆ ನಾನು ಊದಿದ ಸೀಟಿಗೇ ಓಡ್ದೋನು. ಅವನು ಆ ಹಿಮದೊಳಗೆ ಹೋಗಿ ವರ್ಷ ಆಯ್ತು. ಇದಾನಾ? ಇಲ್ವಾ? ಹೇಳೋಕೆ ಒಂದು ನಾಯಿ ಇಲ್ಲ. ನಿಮ್ಮ ಮಾವ ಸುಸ್ತಾಗಿ ಕೂತಿದಾನೆ. 'ಭಾವ, ದರ್ಭೆ ತಂದಿಡಿ, ಹೆಣದ ಬದಲು ಹುಲ್ಲಿನ ಬೊಂಬೆ ಕಟ್ಟಿ ಸುಟ್ಟುಬಿಡೋಣ' ಅಂತಿದಾನೆ. ಅವರ ಮನೆ ಅಳಿಯ ಅಲ್ವಾ ನಾನು, ಬೊಂಬೆ ಕಟ್ಟೋ ಕೆಲಸ ನಂದು. ನಾಳೆ ನಿಂದನ್ನ ಯಾರು ಕಟ್ತಾರೋ? ನಂಗೆ ಹೆಣ್ಣುಮಕ್ಕಳಿಲ್ಲ. ಈ ಮನೆಗೆ ಅಳಿಯನೇ ಇಲ್ಲ!"

ಒಲೆಯ ಹತ್ತಿರ ಮನ್‌ಸರಾಳ ಕೈಯಿಂದ ಸೌಟು ಬಿತ್ತು.

"ಹೊರಡೋ ಹೊತ್ತಲ್ಲಿ ಇಂಥ ಮಾತಾಡ್ತೀರಲ್ಲ. ನಿಮ್ಮ ಬಾಯಿಗೆ ಬೂದಿ ಹಾಕ!"

"ಹೊರಡೋ ಹೊತ್ತು ಅಂತೆ. ನೋಡೇ ಆಚೆ."

ಅಂಗಳದಲ್ಲಿ ಮೆಕ್ಕೆಜೋಳದ ತೆನೆಗಳನ್ನು ಜಡೆ ಹಾಕಿ ನೇತುಹಾಕಿದ ಅಟ್ಟಣೆಯಿತ್ತು. ಬಿಸಿಲು ಅದರ ತುದಿ ಮುಟ್ಟುವವರೆಗೆ ಮಾತ್ರ ಒಳ್ಳೆಯ ಗಳಿಗೆ ಎಂದು ಕೆಳಗಿನ ಊರಿನ ಪುರೋಹಿತ ಹೇಳಿದ್ದ. ತುದಿಯ ತೆನೆಗಳು ಆಗಲೇ ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಬಿಸಿಲು ಎರಡನೆಯ ಜಡೆಗೆ ಇಳಿಯಿತು. ಜಸ್ಮಾನ್ ತೊಡೆ ತಟ್ಟಿಕೊಂಡು ನಕ್ಕ.

"ಹೋಯ್ತು ಗಳಿಗೆ. ಉತ್ತರ ದಿಕ್ಕಿನ ಪ್ರಯಾಣಕ್ಕೆ ಇನ್ನು ಮಾಘದವರೆಗೆ ದಿನ ಇಲ್ಲ. ಕೆಳಗಿನ ಪೇಟೆ ಬುರ್ತಿಬಾಂಗ್‌ನಲ್ಲಿ ಜೀಪು ಹಿಡಿದು ಕೂತಿದಾನಲ್ಲ ನಿನ್ನ ದಲ್ಲಾಳಿ, ಅವನಿಗೆ ಹೇಳು, ಅವನಪ್ಪನ್ನ ಕಳಿಸು ಅಂತ. ಏ ಇವಳೇ, ಮಗನ ದಾರಿಗೆ ಅಂತ ಮೊಟ್ಟೆ, ಒಂದು ಸೀಸೆ ರಕ್ಸಿ ತೆಗೆದಿಟ್ಟಿದ್ಯಲ್ಲ, ಇಲ್ಲಿ ತಾ. ನಾನೇ ತಿಂದು ಕುಡೀತೀನಿ."

ಮನ್‌ಸರಾ ಅಳಬೇಕಿತ್ತು, ಇಲ್ಲವೇ ಹಗುರಾಗಬೇಕಿತ್ತು. ಎರಡೂ ಮಾಡದೆ ಒಲೆಯ ಕಡೆ ತಿರುಗಿದಳು. ನಿಶಾನ್ ಬಗ್ಗಿ ಬೂಟಿನ ದಾರ ಬಿಗಿದುಕೊಂಡ. ಗಳಿಗೆ ತಪ್ಪಿದವನು ಬೂಟು ಬಿಚ್ಚುತ್ತಾನೆ, ಬಿಗಿಯುವುದಿಲ್ಲ. ಜಸ್ಮಾನ್‌ನ ನಗು ತುಟಿಯ ಮೇಲೇ ಒಣಗಿತು. ಏಳಲು ಹೊರಟವನು ಮತ್ತೆ ಗಟ್ಟಿಯಾಗಿ ಕೂತ.

ಆಗ ಧನಕಲಾ ಬಂದಳು. ಯುವರಾಜನ ಹೆಂಡತಿ. ವರ್ಷವಾದರೂ ಕೊರಳಿನ ಮುತ್ತೈದೆಯ ಕೆಂಪು ಮಣಿಸರ ತೆಗೆದಿರಲಿಲ್ಲ. ತೆಗೆಯಬೇಕೋ ಬೇಡವೋ ಎಂದು ಹೇಳುವವರೂ ಇರಲಿಲ್ಲ. ಅಂಗಳದ ಅರ್ಧಕ್ಕೆ ನಿಂತು, ಎದೆಗವಚಿಕೊಂಡಿದ್ದ ಹಳದಿ ಬಟ್ಟೆಯ ಗಂಟನ್ನು ಮುಂದೆ ಚಾಚಿದಳು.

"ಅತ್ತೆ, ನಿಮ್ಮ ಗಂಟು ನೀವೇ ತಗೊಳ್ಳಿ."

ಒಳಗಿನಿಂದ ಮನ್‌ಸರಾ ಇಣುಕಿ ನೋಡಿ, ಮತ್ತೆ ಒಲೆಗೆ ಸೌದೆ ತಳ್ಳಿದಳು.

"ಬಿತ್ತನೆ ಬೀಜ ಕಣೇ, ಒಳಗಿಟ್ಟಿರು, ಬಿಚ್ಚಬೇಡ ಅಂದ್ರಿ. ನಂಬಿದೆ. ಬೆಳಿಗ್ಗೆ ಮಗು ಎಳೆದಾಡ್ತು. ನೋಡಿದ್ರೆ ನಿಶಾನ್ ಅಂಗಿ, ಅಕ್ಕಿ, ಅಡಿಕೆ." ಅವಳು ಗಂಟನ್ನು ಅಲ್ಲಾಡಿಸಿ ತೋರಿಸಿದಳು. "ನನ್ನ ಮನೆಯಿಂದ ಹೋದೋರು ಎಲ್ಲಿ ಬಂದ್ರು ಅತ್ತೆ? ಪ್ರಯಾಣದ ಗಂಟು ಇಡೋಕೆ ಊರಲ್ಲಿ ಬೇರೆ ಮನೆ ಸಿಗ್ಲಿಲ್ವಾ ನಿಮಗೆ?"

"ಉತ್ತರಕ್ಕಿರೋದು ನಿನ್ನ ಮನೆ ಒಂದೇ ಅಲ್ವೇನೇ," ಎಂದಳು ಮನ್‌ಸರಾ. ಅವಳ ದನಿ ಒಲೆಯ ಒಳಗಿನಿಂದ ಬಂದ ಹಾಗಿತ್ತು. "ಇವರು ಬಿಡಲ್ಲ ಅಂತ ಗೊತ್ತಿತ್ತು. ಕೆಟ್ಟ ಗಳಿಗೇಲಿ ಹೋಗೋದು ಬೇಡ ಅಂತ, ನಾನೇ, ಸೋಮವಾರ..."

ಜಸ್ಮಾನ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹೊರಡುವವನಿಗೆ ಅಡ್ಡಿ ಬರುತ್ತದೆ ಎಂದಾದರೆ, ಒಳ್ಳೆಯ ಗಳಿಗೆ ನೋಡಿ ಅವನ ಬಟ್ಟೆಯ ಗಂಟನ್ನು ಹೋಗುವ ದಿಕ್ಕಿನ ಮನೆಯೊಂದರಲ್ಲಿ ಇಡುವುದುಂಟು. ಗಂಟು ಹೊಸ್ತಿಲು ದಾಟಿತೆಂದರೆ ಆಳು ಹೋದ ಹಾಗೆ. ಆಮೇಲೆ ಯಾವಾಗ ಹೊರಟರೂ ಅಡ್ಡಿಯಿಲ್ಲ. ಸೋಮವಾರ ಸಂಜೆ ನಿಶಾನ್‌ನ ಹಣೆಯಲ್ಲಿ ಮೊಸರು, ಅಕ್ಕಿ, ಕುಂಕುಮ ಕಲಸಿದ ತಿಲಕ ಇತ್ತು. ದೇವಿಯ ಗುಡಿಗೆ ಹೋಗಿದ್ದನೇನೋ ಎಂದುಕೊಂಡಿದ್ದ ಜಸ್ಮಾನ್. ಅಂದಿನಿಂದ ದಿನಾ ರಾತ್ರಿ ತನ್ನ ಪಕ್ಕದಲ್ಲಿ ಕೂತು ಉಂಡವನು, ಉಪ್ಪಿನಕಾಯಿ ಈ ಕಡೆ ಸರಿಸು ಅಪ್ಪ ಎಂದವನು, ಆಗಲೇ ಹೊರಟುಹೋಗಿದ್ದವನು. ಇವನು ಬೆಳಗ್ಗಿನಿಂದ ಕಾವಲು ಕೂತದ್ದು ಖಾಲಿ ಬಾಗಿಲಿಗೆ.

ಆದರೆ ಗಂಟು ಬಂದು ಅಂಗಳದಲ್ಲಿ ನಿಂತಿತ್ತು.

"ಒಳಗೆ ತಗೊಂಡ್ಬಾ!" ಎಂದು ಕೂಗಿದ. "ಧನಕಲಾ, ನನ್ನವ್ವ, ಬಂಗಾರ, ಹೊಸ್ತಿಲು ದಾಟಿಸೇ ಅದನ್ನ. ಹೋದ ಗಂಟು ಮನೆಗೆ ವಾಪಸ್ ಬಂದ್ರೆ ಪ್ರಯಾಣ ಮುರೀತು!"

ಅವಳಿಗೆ ದಾರಿಯಾಗಲಿ ಎಂದು ದಡಬಡಿಸಿ ಎದ್ದು ಪಕ್ಕಕ್ಕೆ ಸರಿದ.

ಅಷ್ಟೇ ಸಾಕಾಯಿತು. ನಿಶಾನ್ ಓಡುವುದರಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ. ಅಪ್ಪನ ಹೆಗಲಿಗೂ ಬಾಗಿಲ ಕಂಬಕ್ಕೂ ನಡುವೆ ನುಗ್ಗಿದ. ಹಾರ ಕಂಬದ ಮೊಳೆಗೆ ಸಿಕ್ಕಿ ಹರಿದು ಹೂಗಳು ಚೆಲ್ಲಾಪಿಲ್ಲಿಯಾದವು. ಜಸ್ಮಾನ್ ಅವನ ಚೀಲಕ್ಕೆ ಕೈ ಹಾಕಲು ಹೋಗಿ ಕೊಡವನ್ನು ಎಡವಿದ. ಕೊಡ ಉರುಳಿ ನೀರೆಲ್ಲ ಕಲ್ಲುಹಾಸಿನ ಮೇಲೆ ಹರಿಯಿತು.

"ಅತ್ತಿಗೆ, ಕೊಡಿ," ಎಂದ ನಿಶಾನ್.

ಧನಕಲಾ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಬೇಡಪ್ಪ. ಅವರೂ ಹೀಗೇ ಕೈ ಚಾಚಿದ್ರು."

"ಕೊಡ್ಬೇಡ! ಒಳಗೆ ಎಸಿ ಅದನ್ನ!" ಜಸ್ಮಾನ್ ನೀರಿನಲ್ಲಿ ಜಾರುತ್ತ ಬರುತ್ತಿದ್ದ.

"ಅಲ್ಲಿ ಹೋಗಿ ಯುವರಾಜಣ್ಣನ್ನ ಹುಡುಕ್ತೀನಿ ಅತ್ತಿಗೆ. ನಮ್ಮೋರು ತುಂಬ ಜನ ಇದಾರಂತೆ. ಯಾರನ್ನಾದ್ರೂ ಕೇಳ್ತೀನಿ. ಇದಾನೋ ಇಲ್ವೋ, ಒಂದು ಮಾತು ತಿಳಿಸ್ತೀನಿ."

ಧನಕಲಾಳ ಬೆರಳುಗಳು ಸಡಿಲವಾದವು. ಅದನ್ನು ಜಸ್ಮಾನ್ ಕಣ್ಣಾರೆ ಕಂಡ. ಮಣಿಸರದ ಮೇಲೆ ಬಿಗಿದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು, ಗಂಟು ಅವನ ಮಗನ ಕಂಕುಳು ಸೇರಿತು.

ನಿಶಾನ್ ಅಂಗಳದ ಗೋಡೆಯ ಮೆಟ್ಟಿಲು ದಾಟಿ, ಅಕ್ರೋಟು ಮರದ ಕೆಳಗೆ ಹಾದು, ದಾರಿಗೆ ಬಿದ್ದ. ಹೊರಟವರು ತಿರುಗಿ ನೋಡಬಾರದು. ಅವನು ನೋಡಲಿಲ್ಲ. "ತಿರುಗೋ ಒಂದ್ಸಲ, ಹಲ್ಕಾ ನನ್ನ ಮಗನೇ!" ಎಂದು ಜಸ್ಮಾನ್ ಕೂಗಿದ್ದು ಎದುರಿನ ಗುಡ್ಡಕ್ಕೆ ತಾಗಿ ಅವನಿಗೇ ವಾಪಸ್ ಬಂತು.

ಆ ದಿನ ಮನ್‌ಸರಾ ಕಸ ಗುಡಿಸಲಿಲ್ಲ. ಹೋದವರು ಹೋಗಬೇಕಾದ ಜಾಗ ಮುಟ್ಟುವವರೆಗೆ ಅವರು ನಡೆದ ದಾರಿಗೆ ಪೊರಕೆ ತಾಗಬಾರದು. ಮಾರನೆಯ ದಿನ ಮನೆ, ಹಟ್ಟಿ, ಅಂಗಳ ಎಲ್ಲ ಗುಡಿಸಿದಳು, ಹೊಸ್ತಿಲಿನಿಂದ ಗೋಡೆಯ ಮೆಟ್ಟಿಲವರೆಗಿನ ಒಂದು ಪಟ್ಟಿ ಬಿಟ್ಟು. ದುಬೈಯಿಂದ ಫೋನು ಬಂತು. "ಮುಟ್ಟಿದ್ಯಾ?" ಎಂದು ಕೇಳಿದಳು. "ಇನ್ನೂ ಇಲ್ಲ ಅವ್ವ, ಇಲ್ಲಿಂದ ಮುಂದಕ್ಕಿದೆ." ಕೆಲವು ವಾರ ಕಳೆದು ಇನ್ನೊಂದು ಬಂತು. ಹಿಂದೆ ಯಾರೋ ಗಂಡಸರು ಅರಚುತ್ತಿದ್ದರು, ಮಾತು ತುಂಡುತುಂಡಾಗಿ ಕೇಳಿತು. "ಮುಟ್ಟಿದ್ಯಾ ಮಗಾ?" "ನಾಳೆ ಮುಂದಕ್ಕೆ ಕಳಿಸ್ತಾರಂತೆ ಅವ್ವ. ಅಣ್ಣನ್ನ..." ಅಷ್ಟಕ್ಕೆ ಕಡಿಯಿತು.

ಆ ಪಟ್ಟಿಯ ಮೇಲೆ ಜೋಳದ ಸಿಪ್ಪೆ, ಅಕ್ರೋಟಿನ ಎಲೆ, ಕೋಳಿಯ ಪುಕ್ಕ ಸೇರಿದವು. ಮೊದಮೊದಲು ಜಸ್ಮಾನ್ ರೇಗುತ್ತಿದ್ದ: "ಪಲ್ಟನ್ನಲ್ಲಿ ಇಂಥ ಅಂಗಳ ಇಟ್ಟಿದ್ರೆ ಒದೀತಿದ್ರು. ಗುಡಿಸೇ!" ಮನ್‌ಸರಾ ಪೊರಕೆಯನ್ನು ಅವನ ಮುಂದೆ ಎಸೆದಳು: "ನೀವೇ ಗುಡಿಸಿ. ಧೈರ್ಯ ಇದ್ರೆ." ಅವನು ಪೊರಕೆಯನ್ನು ಎತ್ತಿ, ಹಾಗೇ ಮೂಲೆಗೆ ಒರಗಿಸಿದ. ಅವಳ ಅಣ್ಣ, ಯುವರಾಜನ ಅಪ್ಪ, ಒಂದು ದಿನ ಬಂದು, "ಬೊಂಬೆ ಈಗ ಬೇಡ ಭಾವ, ಹುಡುಗ ಕೇಳಿ ತಿಳಿಸ್ತೀನಿ ಅಂದಿದಾನಲ್ಲ, ಕಾಯೋಣ," ಎಂದು ಹೇಳಿ ಹೋದ. ತಂದಿಟ್ಟಿದ್ದ ದರ್ಭೆಯ ಕಂತೆ ಜಸ್ಮಾನ್‌ನ ಅಟ್ಟದಲ್ಲೇ ಉಳಿಯಿತು.

ಚೈತ್ರದಲ್ಲಿ ಮೊದಲ ಮಳೆ ಬಿತ್ತು. ವಾರ ಕಳೆದು ಒಂದು ಬೆಳಿಗ್ಗೆ ಜಸ್ಮಾನ್ ಮುಖ ತೊಳೆಯಲು ಹೊರಟು ಹೊಸ್ತಿಲಿಗೆ ಬಂದ. ಹೊಸ್ತಿಲ ಆಚೆ, ಕಲ್ಲುಹಾಸಿನ ಸಂದುಗಳಲ್ಲಿ, ಹರಿದ ಹಾರದ ಕೊಳೆತ ಹೂವಿನ ನಡುವೆ, ಚೆಂಡುಹೂವಿನ ಸಸಿಗಳು ಎರಡೆರಡು ಎಲೆ ಬಿಟ್ಟು ನಿಂತಿದ್ದವು. ಮೆಟ್ಟಿಲಿನವರೆಗೂ ಇದ್ದವು. ಅವನು ಗೋಡೆ ಹಿಡಿದುಕೊಂಡು, ಕಾಲು ಅಗಲಿಸಿ, ಪಟ್ಟಿಗೆ ತಾಗದಂತೆ ಪಕ್ಕಕ್ಕೆ ಇಳಿದ. ಹಟ್ಟಿಗೆ ಹೋಗಿ, ಬಿಚ್ಚಿ ಬಿಟ್ಟಿದ್ದ ಮೇಕೆಯನ್ನು, ಸಸಿಗೆ ಬಾಯಿ ಹಾಕದ ಹಾಗೆ, ಮತ್ತೆ ಗೂಟಕ್ಕೆ ಕಟ್ಟಿದ.