ಕಲಂಗುಟ್‌ನಲ್ಲಿ ಜೋಗಮ್ಮನ ರೊಟ್ಟಿ

ಆಂಬುಲೆನ್ಸಿನಿಂದ ಅವ್ವನನ್ನು ಇಳಿಸುತ್ತಿರುವಾಗಲೇ ಹಿಂದೆ ಬಂದ ಎರಡು ಟೆಂಪೋಗಳಿಂದ ಜನ ಇಳಿಯತೊಡಗಿದರು. ಟೈಲ್ಸ್ ಹಾಕುವವರು, ಬಣ್ಣ ಹೊಡೆಯುವವರು, ರೆಸಾರ್ಟಿನ ತೋಟಕ್ಕೆ ನೀರು ಬಿಡುವವರು. ಗೋವಾದ ಕಲಂಗುಟ್‌ನಿಂದ ಜೋಗಮ್ಮನ ಹೆಣದ ಜೊತೆಗೇ ಬಂದ ನಲವತ್ತು ಮಂದಿ. ಮಾಗಳದ ಕೇರಿಯ ಓಣಿ ತುಂಬಿಹೋಯಿತು. ಅವ್ವನ ತಲೆ ಹಿಡಿದುಕೊಂಡಿದ್ದ ಕೋಮಲಾಗೆ ಓಣಿಯ ಬಾಯಲ್ಲಿ ಕುರುಬರ ದೊಡ್ಡಬೀರಪ್ಪ ಕಂಡ. ಪಕ್ಕದಲ್ಲಿ ಹೆಂಡತಿ ಈರಕ್ಕ. ಅವನು ಯಾವಾಗಲೂ ನಿಲ್ಲುತ್ತಿದ್ದುದು ಅಲ್ಲೇ. ಊರವರು ಕೇರಿಯೊಳಗೆ ನೀರೂ ಮುಟ್ಟುತ್ತಿರಲಿಲ್ಲ.

*

ಹತ್ತೊಂಬತ್ತು ವರ್ಷಗಳ ಹಿಂದೆ ಜೋಗಮ್ಮ ಗಂಡನ ಜೊತೆ ಕಲಂಗುಟ್‌ಗೆ ಗಾರೆ ಕೆಲಸಕ್ಕೆ ಹೋದವಳು. ಸಮುದ್ರದಂಚಿಗೆ ಸಾಲು ಸಾಲು ಹೋಟೆಲುಗಳು; ಸಿಗಡಿ, ಏಡಿ, ಬೆಳ್ಳುಳ್ಳಿ ಸವರಿದ ಬ್ರೆಡ್ಡು. ಆ ಹೋಟೆಲುಗಳ ಗೋಡೆ ಕಟ್ಟಿದವರಿಗೆ ಮಾತ್ರ ಅಲ್ಲಿನ ಅನ್ನದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಮಾರ್ಕೆಟ್ಟಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯಲು ಕುಳಿತಳು. ಬಾಂಗಡೆ ಮೀನಿನ ಸಾರಿಗೆ ಹುಳಿಗೆಂದು ಅಲ್ಲಿಯವರ ಕೋಕಂ ಬಿಟ್ಟು ಊರಿನ ಪುಂಡಿಸೊಪ್ಪು ಹಾಕಿದಳು. ಹೊಸದಾಗಿ ಬಂದ ಕೂಲಿಯವರು ಎಲ್ಲಿ ಉಣ್ಣೋದು ಎಂದು ಕೇಳಿದರೆ ಜನ ಆ ಶೆಡ್ಡಿನ ಹೊಗೆ ತೋರಿಸುತ್ತಿದ್ದರು. ಆಮೇಲಾಮೇಲೆ ಪ್ರವಾಸಿಗರೂ ದಾರಿ ಕೇಳಿಕೊಂಡು ಬರತೊಡಗಿದರು.

ದೊಡ್ಡಬೀರಪ್ಪ ಕೂಲಿಗೆಂದು ಗೋವಾಕ್ಕೆ ಬಂದು ಆ ಶೆಡ್ಡಿಗೆ ಕಾಲಿಟ್ಟ ದಿನ ಕೋಮಲಾಗೆ ಚೆನ್ನಾಗಿ ನೆನಪಿದೆ. ಮೂರು ದಿನ ಬರೀ ಪಾವ್ ತಿಂದು ಬಳಲಿದ್ದ. ತಾಟು ಇಡುವ ಮೊದಲು ಅವ್ವ ಹೇಳಿದ್ದಳು, "ಯಪ್ಪಾ, ನಾನೂ ಮಾಗಳದಾಕಿನ. ಕೇರಿ ಜೋಗಮ್ಮ. ತಿಳಕೊಂಡು ಉಣ್ಣು."

ಅವನು ಬಹಳ ಹೊತ್ತು ತಾಟನ್ನೇ ನೋಡುತ್ತ ಕುಳಿತ. ಆಮೇಲೆ ಉಂಡ. ಆರು ವರ್ಷ ಉಂಡ. ಜ್ವರ ಬಿದ್ದಾಗ ಅವ್ವ ಕಾಸಿದ ಗಂಜಿ ಕುಡಿದೇ ಎದ್ದ. ಆದರೆ ಊರಿಗೆ ಮರಳಿ ಕುರಿ ಕಟ್ಟಿದ ಮೇಲೆ, ಅವ್ವ ಬಂದಾಗಲೆಲ್ಲ ಓಣಿಯ ಬಾಯಲ್ಲೇ ನಿಂತು ಕೂಗಿ ಮಾತಾಡಿಸಿ ಹೋಗುತ್ತಿದ್ದ. ಅವ್ವ ಒಂದು ದಿನವೂ ಸಿಟ್ಟಾದವಳಲ್ಲ. ಆ ಹೊತ್ತು ಮಾತ್ರ ಅವಳ ಊಟ ಅರ್ಧಕ್ಕೇ ನಿಲ್ಲುತ್ತಿತ್ತು.

*

ಹೊಳೆದಂಡೆಯಲ್ಲಿ ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಡಗಲಿಯಲ್ಲಿ ಗುಮಾಸ್ತನಾಗಿರುವ ಅಣ್ಣ ಹೊನ್ನೂರಸ್ವಾಮಿ, ಎಲ್ಲರಿಗೂ ಚಾ, ಬಾಳೆಹಣ್ಣು ಕೊಟ್ಟು ಕಳಿಸೋಣ ಎಂದ. ಗೋವಾದ ಖಾನಾವಳಿಯನ್ನೂ ಇನ್ನು ಮುಚ್ಚಿಬಿಡು ಎಂದ.

"ಅವ್ವನ್ನ ನೋಡಾಕ ಬಂದೋರು ಉಣಲಾರದ ಹೋಗಬಾರ್ದಣ್ಣ," ಎಂದಳು ಕೋಮಲಾ. "ಮೂರು ದಿನ ಕಳದ ಮ್ಯಾಲ ನಾನ ಹೋಗಿ ಅಲ್ಲಿ ಒಲಿ ಹಚ್ತೀನಿ."

ಎದುರು ಮನೆಯ ಮಾಳಮ್ಮ ಹೋಗಿ ತನ್ನ ಒಲೆಗೆ ಬೆಂಕಿ ಹಾಕಿದಳು. ಮನೆಮನೆಯಿಂದ ಹಿಟ್ಟು ಬಂತು. ಓಣಿಯಲ್ಲಿ ಪಂಕ್ತಿ ಕುಳಿತಿತು. ಮಾಳಮ್ಮನ ಒಲೆಯ ಮುಂದೆ ಕೋಮಲಾ ರೊಟ್ಟಿ ಬಡಿಯುತ್ತ ಬಾಗಿಲಾಚೆ ನೋಡುತ್ತಿದ್ದಳು.

ದೊಡ್ಡಬೀರಪ್ಪ ಇನ್ನೂ ಓಣಿಯ ಬಾಯಲ್ಲೇ ಇದ್ದ. ಚಾವಡಿ ಕಟ್ಟೆಯ ಮೇಲೆ ಅವನ ದಾಯಾದಿಗಳು ಕುಳಿತು ಇತ್ತಲೇ ನೋಡುತ್ತಿದ್ದರು. ಈರಕ್ಕ ಅವನನ್ನು ಮೆಲ್ಲಗೆ ಏನೋ ಕೇಳಿದಳು. ಅವನು ಕೊಟ್ಟ ಉತ್ತರ ಕಟ್ಟೆಯವರಿಗೂ ಕೇಳಿಸಿತು.

"ಹೂಂ, ಆರು ವರ್ಷ ಈಕಿ ಕೈಯಾಗ ಉಂಡೀನಿ. ನಿನಗ ಹೇಳಿರಲಿಲ್ಲ."

ಚಪ್ಪಲಿ ಬಿಟ್ಟು ಬಂದು ಪಂಕ್ತಿಯ ಕೊನೆಯಲ್ಲಿ ಕುಳಿತ. ಕಟ್ಟೆಯಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ. ರೊಟ್ಟಿ ಮುರಿದು ಉಣ್ಣತೊಡಗಿದ.

ಈರಕ್ಕ ಒಬ್ಬಳೇ ನಿಂತಳು. ಇನ್ನು ಮನೆಗೆ ಹೋಗುತ್ತಾಳೆ ಎಂದುಕೊಂಡಳು ಕೋಮಲಾ. ಆದರೆ ಈರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ಬಗ್ಗಿಸಿ, ಮಾಳಮ್ಮನ ಗಿಡ್ಡ ಬಾಗಿಲು ದಾಟಿ ಒಳಗೆ ಬಂದಳು. ಒಲೆಯ ಮಗ್ಗುಲಿಗೆ ಕುಕ್ಕರಿಸಿ, ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಅಂಚು ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು.

"ಇನ್ನೊಂಚೂರು ಉಪ್ಪು ಬೇಕಿತ್ತು ನೋಡವ್ವ," ಎಂದು ಉಪ್ಪಿನ ಗಡಿಗೆಯೊಳಗೆ ಕೈ ಹಾಕಿದಳು.