ತೂಕ ಕಳೆದು ನೋಡಿದರೆ

"ನನಗಿನ್ನೂ ತಿಂಡಿ ಕೊಟ್ಟಿಲ್ಲ," ಎಂದ ಅಪ್ಪ, ಬಾಯಲ್ಲಿ ಬ್ರೆಡ್ಡು ಇರುವಾಗಲೇ.

ಮಗನ ಹೆಂಡತಿ ಇನ್ನೊಂದು ತುಂಡಿಗೆ ಬೆಣ್ಣೆ ಸವರಿದಳು. ಮಾವನ ಜೊತೆ ವಾದ ಮಾಡುವುದನ್ನು ಅವಳು ಬಿಟ್ಟು ಬಹಳ ದಿನಗಳಾಗಿದ್ದವು. ಕೊಟ್ಟರೆ ತಿನ್ನುತ್ತಾರೆ, ಕೊಡದಿದ್ದರೆ ಅಳುತ್ತಾರೆ, ಇಷ್ಟೇ ಅವಳ ಲೆಕ್ಕ. ಮಗ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ತನ್ನ ಪಾಲಿನ ಮೊಟ್ಟೆಯನ್ನು ಬೇಗ ಬೇಗ ನುಂಗುತ್ತಿದ್ದ.

"ಕೂತ್ಕೊಂಡು ತಿನ್ನಬಾರ್ದಾ?"

"ಹೊತ್ತಾಯ್ತು."

ಹೊತ್ತೇನೂ ಆಗಿರಲಿಲ್ಲ. ಸಭೆ ಇದ್ದದ್ದು ಮಧ್ಯಾಹ್ನ. ಅವನಿಗೆ ನಾಲ್ಕು ಜನರೆದುರು ಕೂತು ತಿನ್ನಲು ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ನಾಚಿಕೆ ಎಂದುಕೊಂಡಿದ್ದಳು, ಆಮೇಲೆ ಕೊಬ್ಬು ಎಂದುಕೊಂಡಳು. ಈಗ ಏನೂ ಅಂದುಕೊಳ್ಳದೆ ಕೇಳುತ್ತಿದ್ದಳು, ಕೇಳುವುದು ರೂಢಿಯಾಗಿತ್ತು.

ಮೇಜಿನ ಮುಂದೆ ಕೂತಿರುವ ಈ ದಪ್ಪ ಮುದುಕನನ್ನು ಒಂದು ಕಾಲದಲ್ಲಿ ದೇಶಕ್ಕೆ ದೇಶವೇ ಕಡಜ ಎಂದು ಕರೆಯುತ್ತಿತ್ತು. ಬಾಕ್ಸಿಂಗಿನಲ್ಲಿ ಎಲ್ಲಕ್ಕಿಂತ ಹಗುರವಾದ ವರ್ಗದಲ್ಲಿ ಅಪ್ಪ ವರ್ಷಾನುಗಟ್ಟಲೆ ಚಾಂಪಿಯನ್ ಆಗಿದ್ದ. ಎದುರಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಕುಟುಕಿ ಹಿಂದೆ ಸರಿಯುತ್ತಿದ್ದನಂತೆ. ಅಂತೆ, ಯಾಕೆಂದರೆ ಮಗ ಒಂದೇ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಮಗ ಕಂಡದ್ದು ಪಂದ್ಯದ ಹಿಂದಿನ ವಾರವನ್ನು.

ಆ ವಾರ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ತಕ್ಕಡಿಯ ಮೇಲೆ ಒಂದು ಹಿಡಿ ಹೆಚ್ಚು ಬಂದರೂ ಅಪ್ಪನಿಗೆ ಪಂದ್ಯವಿಲ್ಲ. ಅದಕ್ಕೇ ಅಪ್ಪ ಉಪವಾಸ, ಅಪ್ಪನ ಮೂಗಿಗೆ ವಾಸನೆ ಬಡಿಯಬಾರದೆಂದು ಮನೆಮಂದಿಯೂ ಉಪವಾಸ. ಅಮ್ಮ ಮಗನನ್ನು ಬಚ್ಚಲಮನೆಗೆ ಕರೆದುಕೊಂಡು ಹೋಗಿ, ಅಗುಳಿ ಹಾಕಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಸ್ಕತ್ತು ತಿನ್ನಿಸುತ್ತಿದ್ದಳು. ಕಡಿಯಬೇಡ, ನೆನೆಸಿ ನುಂಗು, ಎನ್ನುತ್ತಿದ್ದಳು. ಹೊರಗೆ ಅಪ್ಪ ಕಂಬಳಿ ಹೊದ್ದು, ಬೆವರಿಳಿಸುತ್ತ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿದ್ದ. ಅಮ್ಮ ಸತ್ತಳು. ಅಪ್ಪನಿಗೆ ತಾನು ಬಾಕ್ಸರ್ ಆಗಿದ್ದದ್ದೇ ಮರೆತುಹೋಯಿತು. ನೆನಪಿಟ್ಟುಕೊಳ್ಳುವ ಕೆಲಸ ಇವನೊಬ್ಬನ ತಲೆಗೆ ಬಿತ್ತು.

ಇವತ್ತು ತೀರ್ಮಾನವಾಗಬೇಕಿದ್ದದ್ದು ಹೊಸ ಕ್ರೀಡಾಮಂದಿರದ ಹೆಸರು. ಕಣದಲ್ಲಿ ಇದ್ದ ಹೆಸರುಗಳು ಎರಡು. ಒಂದು ಕಡಜ. ಇನ್ನೊಂದು ಬಂಡೆ, ಹೋದ ವರ್ಷ ತೀರಿಕೊಂಡ ಹೆವಿವೇಟ್ ಚಾಂಪಿಯನ್. ಇಬ್ಬರೂ ಒಂದೇ ಕಾಲದವರು, ಒಂದೇ ತಂಡದವರು. ಆದರೆ ತೂಕ ಬೇರೆಯಾದ್ದರಿಂದ ಎದುರುಬದುರಾಗಿ ನಿಂತವರಲ್ಲ, ನಿಲ್ಲುವಂತೆಯೂ ಇರಲಿಲ್ಲ. ಇಬ್ಬರಲ್ಲಿ ದೊಡ್ಡವನು ಯಾರು ಎಂಬ ಜಗಳ ಇಷ್ಟು ವರ್ಷ ನಡೆದುಕೊಂಡು ಬಂದದ್ದು ಅದರಿಂದಲೇ.

ಮಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಗೆದ್ದ ಪಂದ್ಯ, ಎದುರಾಳಿಗಳ ದರ್ಜೆ, ಪಟ್ಟ ಉಳಿಸಿಕೊಂಡ ಅವಧಿ, ಎಲ್ಲವನ್ನೂ ಸೇರಿಸಿ, ತೂಕವನ್ನು ಮಾತ್ರ ಕಳೆಯುವ ಒಂದು ಸೂತ್ರ ಮಾಡಿಕೊಂಡಿದ್ದ. ಆ ಸೂತ್ರದಲ್ಲಿ ಯಾವಾಗಲೂ ಕಡಜನೇ ಗೆಲ್ಲುತ್ತಿದ್ದ. ಗೆಲ್ಲದಿದ್ದರೆ ಅವನು ಸೂತ್ರವನ್ನು ಸ್ವಲ್ಪ ತಿದ್ದುತ್ತಿದ್ದ. ಮಂದಿರಕ್ಕೆ ಅಪ್ಪನ ಹೆಸರು ಬಂದರೆ ಆ ಬಚ್ಚಲಮನೆಗೂ ಒಂದು ಅರ್ಥ ಬರುತ್ತದೆ, ಬಾರದಿದ್ದರೆ ಅದು ಬರೀ ಹಸಿವು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು ಗೊತ್ತಿತ್ತು.

"ಹೋಗ್ಬರ್ತೀನಪ್ಪ," ಎಂದ.

"ನೀನು ಯಾರು?"

"ಮಗ."

"ಓ," ಎಂದ ಅಪ್ಪ, ಸಭ್ಯತೆಗೆ. "ತಿಂಡಿ ಆಯ್ತಾ?"

ಬಾಕ್ಸಿಂಗ್ ಸಂಘದ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಹೊರಗೆ ಮುರಿದ ಬೆಂಚಿನ ಮೇಲೆ ಬಂಡೆಯ ಮಗಳು ಕೂತಿದ್ದಳು. ಹಲ್ಲಿನ ಡಾಕ್ಟರು. ಮುಂಚೆ ಒಂದೆರಡು ಸಲ ನೋಡಿದ್ದನೇ ಹೊರತು ಮಾತಾಡಿಸಿರಲಿಲ್ಲ. ಅವಳೇ ಜರುಗಿ ಜಾಗ ಬಿಟ್ಟಳು.

"ಅಪ್ಪ ಮುರೀತಿದ್ರು, ನಾನು ಕಟ್ತೀನಿ," ಎಂದಳು, ತನ್ನ ಕೆಲಸದ ಬಗ್ಗೆ. ಎಲ್ಲರಿಗೂ ಹೇಳಿ ಹೇಳಿ ಸವೆದುಹೋದ ತಮಾಷೆ ಎಂದು ಅವಳ ದನಿಯಲ್ಲೇ ಇತ್ತು. ಅವನು ನಕ್ಕ.

"ನಿಮ್ಮ ತಂದೆ ಹೇಗಿದಾರೆ?"

"ಚೆನ್ನಾಗಿದಾರೆ. ಇವತ್ತಿನ ವಿಷಯ ಕೇಳಿ ತುಂಬ ಖುಷಿಪಟ್ರು."

ಸುಳ್ಳು ಸಲೀಸಾಗಿ ಬಂತು. ಅವಳು ತನ್ನ ಉಗುರು ನೋಡಿಕೊಂಡಳು.

"ನಾನು ಒಳಗೆ ಹೋಗಿ ನಮ್ಮ ಕಡೆಯಿಂದ ಹೆಸರು ವಾಪಸ್ ತಗೋತೀನಿ ಅಂದ್ಕೊಂಡಿದೀನಿ. ನಿಮ್ಮ ತಂದೆಯವರ ಹೆಸರೇ ಇಡಲಿ."

"ಯಾಕೆ?"

"ಅಪ್ಪಾನೇ ಹೇಳ್ತಿದ್ರು, ಕಡಜನಷ್ಟು ಕಷ್ಟ ಯಾರೂ ಪಟ್ಟಿಲ್ಲ ಅಂತ. ಕ್ಯಾಂಪಲ್ಲಿ ಇಬ್ಬರಿಗೂ ಒಂದೇ ರೂಮಂತೆ. ನಮ್ಮಪ್ಪನಿಗೆ ತೂಕದ ಮಿತಿ ಇಲ್ಲ, ಎಷ್ಟು ಬೇಕಾದ್ರೂ ತಿನ್ನಬಹುದು. ಆದ್ರೆ ನಿಮ್ಮ ತಂದೆ ಎದುರಿಗೆ ತಿನ್ನೋಕೆ ಮನಸ್ಸು ಬರ್ತಿರ್ಲಿಲ್ವಂತೆ. ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಕೊಂಡು ತಿಂತಿದ್ರಂತೆ. ಅಷ್ಟು ದೊಡ್ಡ ಆಸಾಮಿ, ಯೋಚನೆ ಮಾಡಿ." ಅವಳು ನಕ್ಕಳು. "ಪಾಪ ಕಡಜ, ಪಾಪ ಕಡಜ, ಅಂತಾನೇ ಇರ್ತಿದ್ರು."

ಅವನಿಗೆ ಮೈ ಉರಿಯಿತು. ಯಾಕೆಂದು ಥಟ್ಟನೆ ತಿಳಿಯಲಿಲ್ಲ. ಆ ಬಚ್ಚಲಮನೆ ತನ್ನೊಬ್ಬನದೆಂದು ಇಷ್ಟು ವರ್ಷ ನಂಬಿದ್ದ. ಅಲ್ಲಿ ಅಗುಳಿ ಹಾಕಿಕೊಂಡು ಇನ್ನೊಬ್ಬನೂ ಕೂತಿದ್ದನೆಂದರೆ, ಅದೂ ಬಂಡೆ ಕೂತಿದ್ದನೆಂದರೆ, ಸಹಿಸಲಾಗಲಿಲ್ಲ. ಅದರ ಮೇಲೆ ಪಾಪ ಬೇರೆ.

"ವಾಕ್‌ಓವರ್ ಬೇಡ," ಎಂದ.

"ಅಂದ್ರೆ?"

"ಹೆಸರು ವಾಪಸ್ ತಗೋಬೇಡಿ. ಚರ್ಚೆ ಆಗ್ಲಿ. ನಮ್ಮಪ್ಪ ಯಾವತ್ತೂ ವಾಕ್‌ಓವರ್ ತಗೊಂಡವರಲ್ಲ."

ಇದೂ ಸುಳ್ಳೇ. ಒಮ್ಮೆ ಎದುರಾಳಿ ಜ್ವರ ಬಂದು ಮಲಗಿದಾಗ ಅಪ್ಪ ಕುಣಿಯುತ್ತ ಮನೆಗೆ ಬಂದು, ಕೂತಲ್ಲೇ ಕೂತು ಹೊಟ್ಟೆ ಬಿರಿಯುವಂತೆ ಉಂಡಿದ್ದ.

"ನಿಮ್ಮಿಷ್ಟ," ಎಂದಳು ಹಲ್ಲಿನ ಡಾಕ್ಟರು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ.

ಒಳಗೆ ಉದ್ದನೆಯ ಮೇಜು, ಕೆಟ್ಟ ಫ್ಯಾನು. ಸಂಘದ ಕಾರ್ಯದರ್ಶಿ, ಹಲ್ಲುದುರಿದ ಹಳೆಯ ಕೋಚು, ಇನ್ನು ಕೆಲವರು ಸದಸ್ಯರು. ಅವನು ಎದ್ದು ನಿಂತು ಸೂತ್ರವನ್ನು ವಿವರಿಸಿದ. ಚೆನ್ನಾಗಿಯೇ ವಿವರಿಸಿದ, ತರಗತಿಯಲ್ಲಿಯೂ ಇಷ್ಟು ಚೆನ್ನಾಗಿ ಹೇಳಿದವನಲ್ಲ. ಹಗುರ ವರ್ಗದಲ್ಲಿ ಪೈಪೋಟಿ ಹೆಚ್ಚು, ದೈತ್ಯರು ಎಲ್ಲ ಕಾಲಕ್ಕೂ ಕಡಿಮೆ. ಬಂಡೆಗೆ ಎದುರಾಳಿಗಳೇ ಸಿಗುತ್ತಿರಲಿಲ್ಲ, ಕಡಜನಿಗೆ ಪ್ರತಿ ತಿಂಗಳೂ ಹೊಸಬ. ಮೇಲಾಗಿ ಕಡಜ ಒಮ್ಮೆ ಮೇಲಿನ ವರ್ಗಕ್ಕೆ ಹೋಗಿ ಅಲ್ಲಿಯೂ ಗೆದ್ದ, ಬಂಡೆ ಹಾಗೆ ಹೋಗಲೇ ಇಲ್ಲ.

"ಎಲ್ಲಿಗೆ ಹೋಗ್ಬೇಕಿತ್ತು ಮೇಷ್ಟ್ರೇ?" ಎಂದ ಕೋಚು. "ಅವನಿಗಿಂತ ಮೇಲೆ ತೂಕಾನೇ ಇರ್ಲಿಲ್ವಲ್ಲ."

"ಅದನ್ನೇ ಹೇಳ್ತಿರೋದು. ತೂಕ ಕಳೆದು ನೋಡಿದ್ರೆ..."

"ತೂಕ ಕಳೆದ್ರೆ ಬಂಡೇಲಿ ಏನು ಉಳಿಯುತ್ತೆ?" ಎಂದು ಯಾರೋ ಅಂದರು. ನಗು ಎದ್ದಿತು, ಬಂಡೆಯ ಮಗಳೂ ನಕ್ಕಳು.

"ಇಬ್ಬರನ್ನೂ ರಿಂಗಿಗೆ ಬಿಟ್ಟಿದ್ರೆ?" ಎಂದ ಕಾರ್ಯದರ್ಶಿ, ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ಕೇಳಲೇಬೇಕಾದ ಪ್ರಶ್ನೆಯನ್ನು.

"ಮೊದಲು ಕಡಜನ್ನ ಹಿಡೀಬೇಕಲ್ಲ. ಹಿಡಿದ ಅಂದ್ರೆ ಒಂದು ಏಟು," ಎಂದ ಕೋಚು, ಮೇಜಿನ ಮೇಲೆ ಅಂಗೈ ಬಡಿದ. "ಚಟ್ನಿ!"

ಈ ಸಲ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ನಗುತ್ತಿರುವುದು ಗೊತ್ತಾದಾಗ ತಡವಾಗಿತ್ತು, ಬಾಯಿ ಆಗಲೇ ಕಿವಿಯವರೆಗೆ ಹೋಗಿತ್ತು. ಅದನ್ನು ಹಿಂದಕ್ಕೆ ತರುವುದು ಹೇಗೆಂದು ತಿಳಿಯದೆ ಕೂತುಬಿಟ್ಟ.

ಕಾರ್ಯದರ್ಶಿ ಬಂಡೆಯ ಮಗಳ ಕಡೆ ತಿರುಗಿದ. "ನೀವೇನು ಹೇಳ್ತೀರಮ್ಮ?"

ಅವಳು ಒಮ್ಮೆ ಇವನನ್ನು ನೋಡಿದಳು. "ನನಗೆ ಬಾಕ್ಸಿಂಗ್ ಅಷ್ಟಾಗಿ ಗೊತ್ತಿಲ್ಲ. ಅಪ್ಪನಿಗೆ ಜನ ಬೇಕಿತ್ತು. ಮನೇಲಿ ಯಾವಾಗ್ಲೂ ಯಾರಾದ್ರೂ ಊಟಕ್ಕೆ ಇರ್ತಿದ್ರು."

ಅಷ್ಟು ಸಾಕಾಯಿತು. ಒಬ್ಬೊಬ್ಬರೇ ನೆನಪು ತೆಗೆದರು. ಬಂಡೆ ಗೆದ್ದ ದಿನ ಬೀದಿಯಲ್ಲಿ ಹೋಗುವವರನ್ನೆಲ್ಲ ಹೋಟೆಲಿಗೆ ಎಳೆದುಕೊಂಡು ಹೋದದ್ದು, ಸೋತ ದಿನವೂ ಹಾಗೇ ಮಾಡಿದ್ದು, ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನ ತಟ್ಟೆಗೆ ಹಾಕುತ್ತಿದ್ದದ್ದು. ಅವನೊಬ್ಬನನ್ನು ಬಿಟ್ಟರೆ ಬಂಡೆಯ ಜೊತೆ ಊಟ ಮಾಡದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕಡಜನ ಜೊತೆ ಊಟ ಮಾಡಿದವರೂ ಯಾರೂ ಇರಲಿಲ್ಲ.

"ನೀವೂ ಒಂದು ಹೇಳಿ ಮೇಷ್ಟ್ರೇ," ಎಂದ ಕಾರ್ಯದರ್ಶಿ, ಮೃದುವಾಗಿ. "ಲೆಕ್ಕ ಗಿಕ್ಕ ಬೇಡ. ಮಗ ಅಲ್ವಾ ನೀವು, ಮನೇಲಿ ನೋಡಿದ್ದು ಯಾವುದಾದ್ರೂ ಒಂದು ಹೇಳಿ."

ಎಲ್ಲರೂ ಅವನನ್ನೇ ನೋಡಿದರು. ಅವರಿಗೆ ನಿಜವಾಗಿಯೂ ಕೇಳಬೇಕೆಂದಿತ್ತು. ಅದು ಅವನಿಗೂ ತಿಳಿಯಿತು. ಬಚ್ಚಲಿನ ನಲ್ಲಿ, ನೆನೆದ ಬಿಸ್ಕತ್ತು, ಬಾಗಿಲಿನಾಚೆ ಓಡುತ್ತಿರುವ ಹೆಜ್ಜೆಯ ಸದ್ದು, ಎಲ್ಲ ಗಂಟಲವರೆಗೆ ಬಂತು. ಹೇಳಿದ್ದರೆ ಬಹುಶಃ ಆ ಕೋಣೆ ಗಪ್ ಆಗುತ್ತಿತ್ತು. ಆದರೆ ಆ ನೆನಪಿನಲ್ಲಿ ಅಪ್ಪ ದೊಡ್ಡವನಾಗಿ ಕಾಣುತ್ತಾನೋ ಕಟುಕನಾಗಿ ಕಾಣುತ್ತಾನೋ ಅವನಿಗೇ ಗೊತ್ತಿರಲಿಲ್ಲ. ಅದಕ್ಕಿಂತ, ಎದುರಿಗೆ ಕೂತ ಹೆಂಗಸು ಪಾಪ ಎಂದುಬಿಟ್ಟರೆ?

"ಅವರು ತುಂಬ ಶಿಸ್ತಿನ ಮನುಷ್ಯ," ಎಂದ.

"ಹೌದೌದು," ಎಂದರು ಇಬ್ಬರು ಮೂವರು. ಕೋಚು ಗಡಿಯಾರ ನೋಡಿದ.

ಮತ ಹಾಕುವ ಅಗತ್ಯವೇ ಬೀಳಲಿಲ್ಲ. ಕ್ರೀಡಾಮಂದಿರ ಬಂಡೆಯದಾಯಿತು. ಕಾರ್ಯದರ್ಶಿ ಒಳ್ಳೆಯವನು, ಯಾರನ್ನೂ ಬರಿಗೈಯಲ್ಲಿ ಕಳಿಸುವ ಪೈಕಿಯಲ್ಲ. ಅವನು ಬಗ್ಗಿ, ಗುಟ್ಟು ಹೇಳುವವನ ಹಾಗೆ ಹೇಳಿದ:

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಕಾಂಪೌಂಡಲ್ಲಿ ಒಂದು ಕ್ಯಾಂಟೀನ್ ಕಟ್ಟಿಸ್ತಾ ಇದೀವಿ. ದೊಡ್ಡದು, ಗಾಳಿ ಬೆಳಕು ಎಲ್ಲ ಇದೆ. ಅದಕ್ಕೆ ನಿಮ್ಮ ತಂದೆ ಹೆಸರು ಇಟ್ಟುಬಿಡೋಣ. ಮಂದಿರಕ್ಕೆ ಪಂದ್ಯ ಇದ್ದಾಗ ಮಾತ್ರ ಬರ್ತಾರೆ, ಕ್ಯಾಂಟೀನಿಗೆ ದಿನಾ ಬರ್ತಾರೆ. ನೋಡೋಕೆ ಹೋದ್ರೆ ನಿಮ್ಮದೇ ಮೇಲು."

"ಒಳ್ಳೇದು," ಎಂದ ಅವನು. ಸಾಲದೆಂದು, "ತುಂಬ ಉಪಕಾರ ಆಯ್ತು," ಎಂದೂ ಸೇರಿಸಿದ.

ಮೆಟ್ಟಿಲಿಳಿಯುವಾಗ ಬಂಡೆಯ ಮಗಳು ಹಿಂದಿನಿಂದ ಬಂದು ಸೇರಿಕೊಂಡಳು. ಬಾಗಿಲ ಬಳಿ, "ಎಲ್ಲಾದ್ರೂ ಒಂದು ಕಾಫಿ ಕುಡೀಬಹುದಾ?" ಎಂದು ಕೇಳಿದಳು.

"ಹೊತ್ತಾಯ್ತು," ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವಾಕ್‌ಓವರ್ ಬೇಡ ಎಂದ ತನ್ನ ದನಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಕೊಂಡ. ಧೀರನ ಮಾತಿನಂತೆ ಕೇಳಿಸಲಿ ಎಂದು ನೋಡಿದ, ಹಟಮಾರಿ ಹುಡುಗನ ಮಾತಿನಂತೆಯೇ ಕೇಳಿಸುತ್ತಿತ್ತು. ಅಪ್ಪನ ಹೆಸರನ್ನು ಅಲ್ಲಿಂದ ತಪ್ಪಿಸಿದವನು ಬೇರೆ ಯಾರೂ ಅಲ್ಲ, ತಾನೇ. ಇದಕ್ಕೆ ದುಃಖಪಡಬೇಕೆಂದು ಅವನಿಗೆ ಗೊತ್ತಿತ್ತು. ದುಃಖ ಬರಲಿಲ್ಲ, ಸುಸ್ತು ಬಂತು. ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು.

ಮನೆ ತಲುಪುವ ಹೊತ್ತಿಗೆ ಸಂಜೆಯ ಬೆಳಕು ಇನ್ನೂ ಇತ್ತು. ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ಏನಾಯ್ತ್ರೀ?"

"ಆಯ್ತು."

"ಏನಾಯ್ತು ಅಂದೆ."

"ಮುಗೀತು."

ಅಪ್ಪ ಕುರ್ಚಿಯಲ್ಲಿ ಕೂತಿದ್ದವನು ತಲೆ ಎತ್ತಿದ. ಮಗ ಬಾಗಿಲಲ್ಲಿ ನಿಂತಿದ್ದ. ಸಭೆಗೆಂದು ತೊಟ್ಟಿದ್ದ ಬಿಳಿ ಅಂಗಿ, ಕಪ್ಪು ಪ್ಯಾಂಟು, ರಿಂಗಿನೊಳಗಿನ ರೆಫರಿಯ ಉಡುಪು ಅದೇ. ಅಪ್ಪನ ಕಣ್ಣಿನಲ್ಲಿ ಏನೋ ಕದಲಿತು. ಕುರ್ಚಿಯ ಕೈ ಊರಿ, ಏದುಸಿರು ಬಿಡುತ್ತ, ಎದ್ದ. ಭಾರದ ದೇಹವನ್ನು ಎಳೆದುಕೊಂಡು ಕೋಣೆಯ ನಡುವೆ ಬಂದು, ಮಗನ ಪಕ್ಕದಲ್ಲಿ, ಅವನ ಕಡೆ ನೋಡದೆ, ಗೋಡೆಯ ಕಡೆ ನೆಟ್ಟಗೆ ಮುಖ ಮಾಡಿ ನಿಂತ. ಎಡಗೈಯನ್ನು ಚಾಚಿದ.

ಅಪ್ಪನಿಗೆ ಏನು ಬೇಕೆಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಂದ್ಯ ಮುಗಿದ ಮೇಲೆ ರೆಫರಿ ನಡುವೆ ನಿಂತು, ಇಬ್ಬರ ಮಣಿಕಟ್ಟನ್ನೂ ಹಿಡಿದುಕೊಂಡು, ತೀರ್ಪು ಕೂಗುವವರೆಗೆ ಕಾಯುತ್ತಾನೆ. ಕೂಗಿದ ಮೇಲೆ ಗೆದ್ದವನ ಕೈಯನ್ನು ಎತ್ತುತ್ತಾನೆ. ಅಲ್ಲಿಯವರೆಗೆ ಇಬ್ಬರೂ ಸಮ.

ಅವನು ಅಪ್ಪನ ಮಣಿಕಟ್ಟು ಹಿಡಿದ. ಅದು ಬಿಸಿಯಾಗಿತ್ತು, ದಪ್ಪಗಿತ್ತು, ಬೆರಳುಗಳು ಸುತ್ತ ಕೂಡಿಕೊಳ್ಳಲಿಲ್ಲ. ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಅವನೆಲ್ಲಿ?" ಎಂದ ಅಪ್ಪ, ತುಟಿ ಅಲುಗಿಸದೆ.

"ಯಾರು?"

"ಆ ಕಡೆಯವನು."

"ಬರ್ತಾನೆ."

ಅಪ್ಪನ ಕೈ ಎತ್ತಿಬಿಡಬಹುದಿತ್ತು. ಎತ್ತಿದರೆ ಕೇಳುವವರು ಯಾರೂ ಇರಲಿಲ್ಲ. ತೋಳು ಒಪ್ಪಲಿಲ್ಲ.

"ಊಟಕ್ಕೆ ಹಾಕ್ಲಾ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅಪ್ಪ ಉಸಿರು ಬಿಗಿಹಿಡಿದು ಬೋಳು ಗೋಡೆಯನ್ನು ನೋಡುತ್ತಿದ್ದ. ಅವನ ಪಕ್ಕದಲ್ಲಿ ಮಗ, ಒಂದು ಕೈಯಲ್ಲಿ ಆ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ದೇಹದಿಂದ ತುಸು ದೂರಕ್ಕೆ ಚಾಚಿ, ಖಾಲಿ ಗಾಳಿಯಲ್ಲಿ ಬೆರಳು ಬಿಡಿಸಿಕೊಂಡು ನಿಂತಿದ್ದ.