ಗಡಿ ದಾಟಿದ ಟಗರಿನ ಗಂಟೆ

ನಾನು ಒಂದು ಕಂಚಿನ ಗಂಟೆ. ಬೆಂಕಿಯಲ್ಲಿ ಕರಗಿ, ಮಣ್ಣಿನ ಅಚ್ಚಿನಲ್ಲಿ ಮೈಪಡೆದು, ಸಂತೆಯಲ್ಲಿ ಕಂಡಕಂಡವರ ಕೈಯಲ್ಲಿ ಅಲುಗಾಡಿ, ಕೊನೆಗೆ ಕುರಿಗಾರ ಲಕ್ಕಪ್ಪನ ಪಾಲಾದೆ. ನನ್ನ ಬಾಯಿ ಜೋರು. ಸುಮ್ಮನಿರು ಎಂದರೆ ನನ್ನಿಂದಾಗದು. ಲಕ್ಕಪ್ಪ ನನ್ನನ್ನು ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಕಟ್ಟಿದ. ನಾನು ಎಲ್ಲಿ ಬಡಿದುಕೊಂಡರೂ ಇಡೀ ಹಿಂಡು ಅಲ್ಲಿಗೆ ಓಡಿ ಬರುತ್ತಿತ್ತು. ಆ ಸೊಕ್ಕು ನನಗಿತ್ತು, ಸುಳ್ಳೇಕೆ ಹೇಳಲಿ.

ಮಳೆ ಬಿಡದೆ ಹಿಡಿದ ವರ್ಷ ಹಟ್ಟಿಯ ಸುತ್ತ ನುಸಿ ಎದ್ದಿತು. ಟಗರಿಗೆ ಜ್ವರ ಬಂತು. ತುಟಿ ಊದಿತು, ನಾಲಿಗೆ ನೀಲಿಗಟ್ಟಿ ಹೊರಗೆ ಜೋತಿತು. ಮಾರಿ ಹೊಕ್ಕಿದೆ ಎಂದಿತು ಊರು. ಹಾಗೆ ಬಂದ ಮಾರಿಯನ್ನು ಒಂದು ಪ್ರಾಣಿಯ ಮೇಲೆ ಹೊರಿಸಿ ಗಡಿಯಾಚೆ ಅಟ್ಟುವುದು ಇಲ್ಲಿನ ಪದ್ಧತಿ. ಟಗರಿಗೆ ಅರಿಶಿನ ಬಳಿದು, ಬೇವು ಕಟ್ಟಿ, ಹಲಗೆ ಬಡಿಯುತ್ತ ಊರಿಗೆ ಊರೇ ಹೊರಟಿತು. ಪಾಪ, ಅದಕ್ಕೆ ನಡೆಯುವ ಶಕ್ತಿ ಎಲ್ಲಿತ್ತು? ಬೆನ್ನಿಗೆ, ಮೊಣಕಾಲಿಗೆ ಬಡಿಗೆಯಿಂದ ಹೊಡೆದರು. ನಾನು ಕಿರುಚಿಯೇ ಕಿರುಚಿದೆ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ತಿರುಗಿ ನೋಡಬ್ಯಾಡ್ರಿ, ನಡೀರಿ," ಎಂದ ಲಕ್ಕಪ್ಪ, ಟಗರನ್ನು ಗಡಿ ದಾಟಿಸಿ ಬಿಟ್ಟು. ಅವನ ಕಣ್ಣಲ್ಲಿ ನೀರಿತ್ತು.

ಗಡಿಯಾಚೆ ಚಿಗರಿಗಳ ಹುಲ್ಲುಗಾವಲು. ಕೃಷ್ಣಮೃಗಕ್ಕೆ ಈ ಕಡೆ ಚಿಗರಿ ಎನ್ನುತ್ತಾರೆ. ಟಗರು ಅಲ್ಲಿನ ಹೊಂಡದ ಕೆಸರಿನಲ್ಲಿ ಬಿದ್ದು ನರಳಿತು. ನುಸಿಗಳು ಅದರ ರಕ್ತ ಹೀರಿದವು, ಆಮೇಲೆ ನೀರಿಗೆ ಬಂದ ಚಿಗರಿಗಳನ್ನು ಕಚ್ಚಿದವು. ಟಗರು ಸತ್ತಿತು. ನಾಯಿಗಳು ಹೊಟ್ಟೆ ಬಗೆದು ತಿಂದವು. ಎಲುಬಿನ ನಡುವೆ ನಾನೊಬ್ಬಳೇ ಉಳಿದೆ.

ಕೆಲವು ದಿನ ಕಳೆದ ಮೇಲೆ ಚಿಗರಿಗಳು ಬೀಳತೊಡಗಿದವು. ಕರಿ ಗಂಡೊಂದು ಉರಿ ತಾಳದೆ ಕೊಂಬಿನಿಂದ ನೆಲ ಇರಿದು ಇರಿದು, ರಕ್ತದ ನೊರೆ ಕಾರುತ್ತ ಸತ್ತಿತು. ಇನ್ನೂ ಉಸಿರಾಡುತ್ತಿದ್ದ ಮರಿಯ ಕಣ್ಣನ್ನು ಕಾಗೆಗಳು ಕುಕ್ಕಿದವು.

ಯಾರೋ ವಿಷ ಹಾಕಿದ್ದಾರೆ, ಅವರು ಸಿಗುವವರೆಗೆ ಹುಲ್ಲುಗಾವಲಿನ ಅಂಚಿಗೆ ಒಂದು ಕುರಿಯೂ ಬರಕೂಡದು ಎಂದರು ಅರಣ್ಯದವರು. ಊರಿನ ಕಣ್ಣು ರೈತ ಕೊಟ್ರಪ್ಪನ ಮೇಲೆ ಬಿತ್ತು. ಚಿಗರಿಗಳು ಅವನ ಶೇಂಗಾ ಮೇಯ್ದಾಗ, ಬೆಳೆಗೆ ಹೊಡೆಯುವ ವಿಷದ ಎಣ್ಣೆ ಇಟ್ಟು ಕೊಲ್ಲುತ್ತೇನೆ ಎಂದು ಸಿಟ್ಟಿನಲ್ಲಿ ಕೂಗಾಡಿದ್ದ. ಅವನನ್ನು ಹೊಂಡದ ತನಕ ಎಳೆದು ತಂದರು.

"ನಾ ಏನೂ ಹಾಕಿಲ್ಲೋ ಯಪ್ಪಾ, ನನ್ನ ಮಕ್ಕಳ ಆಣಿ ಐತಿ," ಎಂದು ಅಂಗಲಾಚಿದ. ಟಗರನ್ನು ಬಡಿದ ಅದೇ ಬಡಿಗೆಗಳು ಅವನ ಮೇಲೆ ಬಿದ್ದವು. ಬಲಗೈ ಲಟಕ್ಕನೆ ಮುರಿಯಿತು.

ಅಷ್ಟರಲ್ಲಿ ದನದ ಡಾಕ್ಟರು ಬಂದರು. ಸತ್ತ ಚಿಗರಿಯನ್ನು ಕೊಯ್ದು ನೋಡಿ, "ಇದು ವಿಷ ಅಲ್ಲ. ನುಸಿ ಕಚ್ಚಿ ಹರಡೋ ನೀಲಿನಾಲಿಗೆ ರೋಗ ಇದ್ದಂಗೈತಿ. ಜಡ್ಡಿನ ಕುರಿ ಯಾವುದಾರ ಇಲ್ಲಿಗೆ ಬಂದಿತ್ತೇನು?" ಎಂದು ಕೇಳಿದರು.

ಅರಣ್ಯದ ವಾಚರ್ ದಾವಲಸಾಬ ಎಲುಬಿನ ನಡುವಿನಿಂದ ನನ್ನನ್ನು ಎತ್ತಿ ಅಲ್ಲಾಡಿಸಿದ. ನಾನು ಬಡಿದುಕೊಂಡೆ. ದೂರದ ಏರಿಯ ಮೇಲೆ ಲಕ್ಕಪ್ಪನ ಕುರಿಗಳು ತಲೆ ಎತ್ತಿದವು. ಓಡೋಡಿ ಬಂದು, ಜನರ ಕಾಲ ಸಂದಿಯಲ್ಲಿ ನುಗ್ಗಿ, ನನ್ನ ಸುತ್ತ ನಿಂತವು.

ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಲಕ್ಕಪ್ಪ ತಲೆ ತಗ್ಗಿಸಿದ. ಅವನೊಬ್ಬನೇ ಅಲ್ಲ, ಹಲಗೆ ಬಡಿದವರೂ ತಗ್ಗಿಸಿದರು. ಕೊಟ್ರಪ್ಪ ಬಿದ್ದಲ್ಲಿಂದಲೇ ಎಡಗೈ ಚಾಚಿದ.

"ಆ ಗಂಟಿ ನನಗ ಕೊಡ್ರಿ."

ಈಗ ನಾನು ಅವನ ಹೊಲದ ಬೇಲಿಯ ಗೂಟಕ್ಕೆ ನೇತಾಡುತ್ತಿದ್ದೇನೆ. ಮೈಗೆ ಹಸಿರು ಕಿಲುಬು ಹತ್ತಿದೆ, ದನಿ ಒಡೆದಿದೆ. ಆದರೂ ನನ್ನ ಸದ್ದಿಗೆ ಕುರಿಗಳು ಬರುತ್ತವೆ. ಅವನ್ನು ತಿರುಗಿಸಿಕೊಂಡು ಹೋಗಲು ಲಕ್ಕಪ್ಪ ಬರಲೇಬೇಕು. ಕೊಟ್ರಪ್ಪ ಸೊಟ್ಟಗೆ ಕೂಡಿಕೊಂಡ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ನನ್ನನ್ನು ಬಡಿಯುತ್ತಾನೆ. ಲಕ್ಕಪ್ಪ ನಿಂತು ಕೇಳಿ ಹೋಗುತ್ತಾನೆ.